ಪಟ್ಟಿಯಲ್ಲಿಲ್ಲದ ಬೀಗ

ಆದೇಶ ಎಂದಿನಂತೆ ಸೊಟ್ಟಗೇ ಬಂದಿತ್ತು. ಅದನ್ನು ಸ್ಕ್ಯಾನ್ ಮಾಡುವ ಪುಣ್ಯಾತ್ಮ ಯಾರೋ, ಒಂದು ಸಲವಾದರೂ ಕಾಗದವನ್ನು ನೆಟ್ಟಗೆ ಇಟ್ಟವನಲ್ಲ. ಎಂಬತ್ಮೂರು ಪೋಕರ್ ಸೈಟುಗಳ ಹೆಸರು, ಆರು ಪುಟ, ಕೊನೆಯ ಪುಟದಲ್ಲಿ ಹೆಸರುಗಳ ಮೇಲೆಯೇ ಇಲಾಖೆಯ ದುಂಡು ಮುದ್ರೆ. ಅದು ಬರೀ ಚಿತ್ರವಾದ್ದರಿಂದ ನಕಲು ಮಾಡಿ ಅಂಟಿಸುವ ಹಾಗಿಲ್ಲ, ಒಂದೊಂದನ್ನೂ ಕಣ್ಣು ಕಿರಿದು ಮಾಡಿ ಓದಿ ಟೈಪ್ ಮಾಡಬೇಕು. ಎಲ್ಲೋ ಕೂತ ಜೂಜಿನವನು ಒಂದು ನಿಮಿಷದಲ್ಲಿ ಹೊಸ ಅಂಗಡಿ ತೆರೆಯುತ್ತಾನೆ. ಅದನ್ನು ಮುಚ್ಚಬೇಕಾದ ಸರ್ಕಾರ ಪ್ರಿಂಟು ತೆಗೆದು, ಸಹಿ ಹಾಕಿ, ಮುದ್ರೆ ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಒಂದು ತಿಂಗಳ ಮೇಲೆ ಕಳಿಸುತ್ತದೆ. ಬೀಗದಕ್ಕನಿಗೆ ಬೆಳಿಗ್ಗೆ ಬೆಳಿಗ್ಗೆಯೇ ಮೈ ಉರಿಯಿತು.

ಬೀಗದಕ್ಕ ಎಂಬುದು ಆಫೀಸಿನವರು ಇಟ್ಟ ಹೆಸರು. ಊರಿನ ಅರ್ಧಕ್ಕರ್ಧ ಮನೆಗಳಿಗೆ ಇಂಟರ್ನೆಟ್ ಕೊಡುವ ಕಂಪನಿ ಅದು. ಮೂರನೇ ಮಹಡಿಯ ಮೂಲೆಯಲ್ಲಿ, ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೆಟ್ಟಿನ ಪಕ್ಕ ಅವಳ ಮೇಜು. ನ್ಯಾಯಾಲಯವೋ ಇಲಾಖೆಯೋ ಮುಚ್ಚು ಎಂದ ಸೈಟುಗಳನ್ನು ಮುಚ್ಚುವುದು ಅವಳ ಕೆಲಸ. ಮನೆಗಳಿಗೆ ಹೋಗುವ ನೆಟ್ಟು ಎರಡು ದಾರಿಯಲ್ಲಿ ಹಾದುಹೋಗುತ್ತದೆ: ಹಳೆಯ ಬಡಾವಣೆಗಳಿಗೆ ಹಳೇ ಗೇಟು, ಹೊಸ ಬಡಾವಣೆಗಳಿಗೆ ಹೊಸ ಗೇಟು. ಒಂದೊಂದು ಹೆಸರನ್ನೂ ಎರಡೂ ಗೇಟಿಗೆ ಹಾಕಬೇಕು. ಪಕ್ಕದ ಅಂಕಣದಲ್ಲಿ ಆದೇಶದ ಸಂಖ್ಯೆ, ಅದರ ಪಕ್ಕದಲ್ಲಿ ಆದೇಶ ಕೊಟ್ಟವರು ಯಾರು ಎಂಬುದು. ಆ ಎರಡು ಅಂಕಣ ಖಾಲಿ ಬಿಟ್ಟರೆ ಬೀಗ ಬೀಳುವುದೇ ಇಲ್ಲ.

ಪಟ್ಟಿಯಲ್ಲಿ ನಲವತ್ತನೇ ಹೆಸರಿನ ಹತ್ತಿರ ಬಂದಿದ್ದಳು. ಕಂಪನಿಯ ವಕೀಲರು ಬಂದು ಮೇಜಿನ ಮುಂದೆ ನಿಂತರು. ಕೈಯಲ್ಲಿ ಅವಳು ಹೋದ ವಾರ ಮ್ಯಾನೇಜರಿಗೆ ಬರೆದಿದ್ದ ಪತ್ರ.

"ಏನ್ ಮೇಡಂ ಇದು? ಪಟ್ಟೀಲಿ ಇಲ್ಲದ್ದನ್ನೂ ಮುಚ್ಚೋಣ ಅಂತ ಬರೆದಿದ್ದೀರಂತೆ?"

"ಅದೇ ಸೈಟು ಸಾರ್. ನಾವು ಮುಚ್ಚಿದ ಮಾರನೇ ದಿನವೇ ಬೇರೆ ಹೆಸರು ಇಟ್ಕೊಂಡು ಬರ್ತಾರೆ. ಅದೇ ಹಸಿರು ಮೇಜು, ಅದೇ ಇಸ್ಪೀಟೆಲೆಗಳು, ಒಳಗೆ ಹೋದ್ರೆ ಹಳೇ ಪಾಸ್‌ವರ್ಡೇ ನಡೆಯುತ್ತೆ. ನನ್ನ ಕಣ್ಣೆದುರಿಗೇ ಬರುತ್ತೆ ಸಾರ್, ನಾನು ಸುಮ್ಮನೆ ನೋಡ್ತಾ ಕೂರ್ಬೇಕು."

"ಆದೇಶದಲ್ಲಿ ಇದ್ಯಾ?"

"ಇಲ್ಲ. ಬರೋಕೆ ಇನ್ನೊಂದು ತಿಂಗಳು."

"ಹಾಗಾದ್ರೆ ಒಂದು ತಿಂಗಳು ಕೈ ಕಟ್ಟಿ ಕೂತ್ಕೊಳ್ಳಿ. ಇದು ಜೂಜೇ ಅಲ್ಲ, ಬುದ್ಧಿಯ ಆಟ ಅಂತ ವಾದ ಮಾಡಿ ಅವರು ಈಗಾಗಲೇ ಎರಡು ಸಲ ತಡೆಯಾಜ್ಞೆ ತಂದಿದ್ದಾರೆ. ನಾವು ಅಧಿಕಪ್ರಸಂಗ ಮಾಡಿದ್ರೆ ನಮ್ಮನ್ನೇ ಕಟಕಟೆಗೆ ಹತ್ತಿಸ್ತಾರೆ. ಆದೇಶ ಇಲ್ಲದೆ ಒಂದಕ್ಷರ ಮುಟ್ಟಬಾರದು. ಒಂದಕ್ಷರ!"

ಬೆರಳೆತ್ತಿ ಆ ಒಂದಕ್ಷರವನ್ನು ಅವಳ ಮೂಗಿನ ಮುಂದೆ ತೋರಿಸಿ ಹೋದರು. ಬುದ್ಧಿಯ ಆಟವಂತೆ. ಮನೆಮಠ ಕಳೆದುಕೊಂಡವರೆಲ್ಲ ಬುದ್ಧಿ ಕಡಿಮೆಯಾಗಿ ಕಳೆದುಕೊಂಡರು, ಪಾಪ, ಆಡಿಸಿದವನದೇನು ತಪ್ಪು! ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಕೀಲಿಮಣೆಗೆ ಕೈಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಎಂಬತ್ಮೂರೂ ಮುಗಿದವು.

ಬೀಗ ಹಾಕಿದರೆ ಸಾಲದು, ಜಗ್ಗಿ ನೋಡಬೇಕು. ಆಫೀಸಿನ ಲೈನು ಈ ಗೇಟುಗಳ ಮೂಲಕ ಹಾಯುವುದಿಲ್ಲ, ಹಾಗಾಗಿ ಅಲ್ಲಿ ಕೂತು ನೋಡಿದರೆ ಪ್ರಪಂಚದಲ್ಲಿರುವುದೆಲ್ಲ ತೆರೆಯುತ್ತದೆ. ಕಂಪನಿಯ ಮೊಬೈಲ್ ನೆಟ್ಟು ಹೊಸ ಗೇಟಿನಲ್ಲಿ ಹಾಯುವುದರಿಂದ ಅದನ್ನು ತನ್ನ ಮೊಬೈಲಿನಲ್ಲೇ ನೋಡಿಕೊಳ್ಳುತ್ತಿದ್ದಳು. ಹಳೇ ಗೇಟಿಗೆ ಯಾರಾದರೂ ಹಳೆಯ ಬಡಾವಣೆಯ ಮನೆಯೊಂದರಲ್ಲಿ ಕೂತು ಒಂದೊಂದೇ ಹೆಸರು ಒತ್ತಿ ಹೇಳಬೇಕು, ಅದೂ ಸಂಜೆ ಐದರ ವರದಿಯ ಒಳಗೆ. ಆ ಯಾರಾದರೂ ಅವಳ ತಮ್ಮನಾಗಿದ್ದ.

ತಮ್ಮ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಆರು ತಿಂಗಳ ಹಿಂದೆ ಅಟ್ಟಣೆಯಿಂದ ಬಿದ್ದು ತೊಡೆಯ ಮೂಳೆ ಎರಡು ಕಡೆ ಮುರಿದು, ಒಳಗೆ ಸರಳು ಹಾಕಿಸಿಕೊಂಡು ಮನೆಯಲ್ಲಿ ಬಿದ್ದಿದ್ದ. ಹೆಂಡತಿ ಒಳಕೋಣೆಯಲ್ಲಿ ಹೊಲಿಗೆ ಹೊಲಿಯುತ್ತಿದ್ದರೆ, ಮಗಳು ಶಾಲೆಗೆ, ಅಕ್ಕ ಆಫೀಸಿಗೆ ಹೊರಟರೆ, ಇವನು ಗೋಡೆ ನೋಡುತ್ತಾ, "ನಾನಿನ್ನು ಯಾವ ಕೆಲಸಕ್ಕೂ ಬಾರದವನು" ಎನ್ನುತ್ತಿದ್ದ. ಅವನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದ ಅಕ್ಕ ಇವಳು. ಕೇಳಿ ಕೇಳಿ ಕರುಳು ಕಿತ್ತುಬಂದು, "ನನ್ನ ಕೆಲಸದಲ್ಲಿ ಒಂಚೂರು ಕೈ ಜೋಡಿಸೋ" ಎಂದಿದ್ದಳು. ಅಂದಿನಿಂದ ಅವಳು ಹೆಸರುಗಳನ್ನು ಅವನ ಫೋನಿಗೆ ಕಳಿಸುವುದು, ಅವನು ಒಂದೊಂದರ ಮುಂದೂ ಬಂದ್ ಅಥವಾ ಓಪನ್ ಎಂದು ಬರೆದು ತಿರುಗಿ ಕಳಿಸುವುದು. ಒಂದು ನೋಟುಬುಕ್ಕಿನಲ್ಲಿ ಗೀಟು ಹೊಡೆದು ಲೆಕ್ಕವಿಟ್ಟಿದ್ದ. ದಿನವಿಡೀ ಫೋನು ಹಿಡಿದು ಕೂತಿರುತ್ತಿದ್ದ ತಮ್ಮನನ್ನು ಕಂಡು ಇವಳಿಗೆ ಸಮಾಧಾನ. ಎಂಥ ಸಮಾಧಾನ! ಕುಡುಕನ ಕೈಗೆ ಸಾರಾಯಿ ಅಂಗಡಿಯ ಬೀಗದ ಕೈ ಕೊಟ್ಟು, ಪಾಪ ಹೊತ್ತು ಹೋಗುತ್ತೆ ಎಂದುಕೊಂಡ ಹಾಗೆ.

ಆ ದಿನವೂ ಐದಕ್ಕೆ ಮೊದಲೇ ಅವನ ಉತ್ತರ ಬಂತು. ಎಂಬತ್ಮೂರೂ ಬಂದ್. ಅವಳು ವರದಿ ಕಳಿಸಿದಳು.

ಎರಡು ವಾರದ ಮೇಲೆ ಇಲಾಖೆಯಿಂದ ನೋಟೀಸು ಬಂತು. ಪಟ್ಟಿಯ ನಲವತ್ತೊಂದನೆಯ ಸೈಟು ನಿಮ್ಮ ಲೈನಿನಲ್ಲಿ ರಾಜಾರೋಷವಾಗಿ ತೆರೆಯುತ್ತಿದೆ, ಏಕೆಂದು ಏಳು ದಿನದಲ್ಲಿ ಉತ್ತರಿಸಿ ಎಂದು. ಜೊತೆಗೆ ಯಾರೋ ಕೊಟ್ಟ ದೂರಿನ ಜೆರಾಕ್ಸು, ಹೆಸರು ವಿಳಾಸದ ಮೇಲೆ ಮಸಿ ಬಳಿದದ್ದು.

"ಸಾಧ್ಯವೇ ಇಲ್ಲ" ಎಂದುಕೊಂಡೇ ಅವಳು ಗೇಟುಗಳನ್ನು ತೆರೆದು ನೋಡಿದಳು. ಹೊಸ ಗೇಟಿನಲ್ಲಿ ನಲವತ್ತೊಂದು ಇತ್ತು. ಹಳೇ ಗೇಟಿನಲ್ಲಿ ನಲವತ್ತಾದ ಮೇಲೆ ನಲವತ್ತೆರಡು. ವಕೀಲರು ಬೆರಳೆತ್ತಿ ನಿಂತಿದ್ದ ಗಳಿಗೆ ನೆನಪಾಯಿತು. ಸಿಟ್ಟಿನಲ್ಲಿ ಸಾಲು ಹಾರಿಸಿದ್ದಳು. ತಪ್ಪು ತನ್ನದೇ, ಅನುಮಾನವಿಲ್ಲ. ಆದರೆ ಇಂಥ ತಪ್ಪು ಸಿಗಲೆಂದೇ ತಾನೇ ಬೀಗ ಜಗ್ಗಿ ನೋಡುವುದು? ತಮ್ಮನ ಉತ್ತರ ಹುಡುಕಿ ತೆಗೆದಳು. ನಲವತ್ತೊಂದು, ಬಂದ್.

ಸೋಮಾರಿ, ನೋಡದೆಯೇ ಕಾಟಾಚಾರಕ್ಕೆ ಬರೆದಿದ್ದಾನೆ ಎಂದು ಬೈದುಕೊಳ್ಳುತ್ತಾ ದೂರಿನ ಜೆರಾಕ್ಸು ಕೈಗೆತ್ತಿಕೊಂಡಳು. ಮೊದಲಿಗೆ ಆ ಸೈಟಿನ ಹೆಸರು, ಅದರ ಕೆಳಗೆ ಇಷ್ಟು: "ಬಂದ್ ಮಾಡಿದ್ದೇವೆ ಅಂತ ನೀವು ಪೇಪರಿನಲ್ಲಿ ಹಾಕಿಸ್ತೀರಿ. ನಮ್ಮ ಮನೆಯವರು ದಿನಾ ಅದರಲ್ಲೇ ಆಡುತ್ತಿದ್ದಾರೆ. ನನ್ನ ಓವರ್‌ಲಾಕ್ ಮೆಷಿನ್ ಹೋಯಿತು. ಉಳಿದಿರುವುದು ಒಂದೇ ಮೆಷಿನ್. ಅದೂ ಹೋಗುವ ಮೊದಲು ದಯವಿಟ್ಟು ಮುಚ್ಚಿ." ಅಷ್ಟೇ. ಕಾಗದ ತೆಳುವಾಗಿದ್ದರಿಂದ ಹಿಂಬದಿಯಲ್ಲಿ ಬರೆದದ್ದೂ ಜೆರಾಕ್ಸಿನಲ್ಲಿ ಮಸುಕಾಗಿ, ತಿರುವುಮುರುವಾಗಿ ಮೂಡಿತ್ತು. ಅವಳು ಹಾಳೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದಳು. ಭುಜ, ತೋಳು, ಸೊಂಟ, ಒಂದೊಂದರ ಮುಂದೂ ಅಂಕಿ. ಮೇಲ್ಗಡೆ ಹೆಸರಿರುವ ಜಾಗದಲ್ಲಿ ಒಂದೇ ಪದ: ಅಕ್ಕ.

ಅದು ಅವಳ ಅಂಗಿಯ ಅಳತೆ. ತಮ್ಮನ ಹೆಂಡತಿ ಅಳತೆಪುಸ್ತಕದ ಹಾಳೆ ಹರಿದು ದೂರು ಬರೆದಿದ್ದಳು, ಅದರಲ್ಲೂ ಇವಳ ಹಾಳೆಯನ್ನೇ ಹರಿದಿದ್ದಳು. ಎರಡು ತಿಂಗಳಿಂದ ಒಳಕೋಣೆಯ ಮೂಲೆ ಖಾಲಿಯಿತ್ತು. ಕೇಳಿದಾಗ, "ಮೆಷಿನ್ ರಿಪೇರಿಗೆ ಹೋಗಿದೆ" ಎಂದು ತಮ್ಮನೇ ಹೇಳಿದ್ದ. ಇವಳು ಹೂಂಗುಟ್ಟಿದ್ದಳು.

ಅವಳು ಹಳೇ ಗೇಟಿಗೆ ನಲವತ್ತೊಂದನ್ನು ಹಾಕಿ, ಬ್ಯಾಗು ಹೆಗಲಿಗೇರಿಸಿ, ಯಾರಿಗೂ ಹೇಳದೆ ಮನೆಗೆ ಹೊರಟಳು.

ತಮ್ಮ ಮುಂದಿನ ಕೋಣೆಯಲ್ಲಿ ಕಾಲು ನೀಡಿಕೊಂಡು ಕೂತು ಫೋನನ್ನು ತಿಕ್ಕುತ್ತಿದ್ದ. ತಲೆಯೆತ್ತದೆಯೇ, "ಅಕ್ಕಾ, ನೆಟ್ಟಿಗೆ ಏನೋ ಆಗಿದೆ ನೋಡೇ, ಈಗ ತಾನೇ ಸರಿಯಾಗಿತ್ತು" ಎಂದ.

"ನಲವತ್ತೊಂದು ಬಂದ್ ಆಯ್ತಾ?"

ಅವನ ಬೆರಳು ನಿಂತಿತು.

"ಎರಡು ವಾರದ ಹಿಂದೆಯೇ ಬಂದ್ ಅಂತ ಬರೆದಿದ್ಯಲ್ಲೋ. ನನಗೇ ಚಳ್ಳೆಹಣ್ಣು ತಿನ್ನಿಸಿದ್ಯಾ? ನಿನ್ನ ನಂಬಿ ನಾನು ಸಹಿ ಹಾಕಿ ಕಳಿಸಿದ್ದೀನಿ. ಮೆಷಿನ್ ಎಲ್ಲೋ?"

"ಬಿಡಿಸ್ಕೊಂಡು ಬರ್ತೀನಿ ಅಕ್ಕಾ. ಮೊದಮೊದಲು ಬರೀ ಟೆಸ್ಟ್ ಮಾಡ್ತಿದ್ದೆ, ದೇವರಾಣೆ. ಒಂದು ದಿನ ಒಂದು ತೆರ್ಕೊಂಡ್ತು, ಸುಮ್ಮನೆ ಒಳಗೆ ಹೋದೆ, ಗೆದ್ದೆ. ನಿಜವಾಗ್ಲೂ ಗೆದ್ದೆ. ನಿನಗೆ ಗೊತ್ತಿಲ್ಲ, ಇದು ಜೂಜಲ್ಲ. ಬುದ್ಧಿಯ ಆಟ."

ವಕೀಲರ ಬಾಯಲ್ಲಿ ಕೇಳಿದಾಗ ಆ ಮಾತು ಮೈ ಉರಿಸಿತ್ತು, ತಮ್ಮನ ಬಾಯಲ್ಲಿ ಕೇಳಿದಾಗ ಎದೆಗೇ ಒದ್ದಿತು. ಗೋಡೆಗೆ ಒರಗಿಸಿದ್ದ ಅವನ ಊರುಗೋಲನ್ನು ಕಿತ್ತು ಎತ್ತಿದಳು. ಅವನ ತಲೆಗೆ ಹಾಕುತ್ತಿದ್ದಳೋ ಏನೋ, ಅವಳಿಗೇ ಗೊತ್ತಿರಲಿಲ್ಲ. ಒಳಕೋಣೆಯ ಹೊಲಿಗೆಯ ಸದ್ದು ನಿಂತು, ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು, ತುಟಿಯ ಮಧ್ಯೆ ಎರಡು ಗುಂಡುಸೂಜಿ. ಸೂಜಿಗಳನ್ನು ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು ಮಾತಾಡಿದಳು.

"ಹೊಡೀರಿ ಅಕ್ಕಾ. ಆದ್ರೆ ನಾಟಕ ಮಾಡ್ಬೇಡಿ."

"ಯಾರು, ನಾನಾ? ನಾನು ನಾಟಕ ಮಾಡ್ತಿದ್ದೀನಾ? ದೂರು ಕೊಟ್ಟಿದ್ದೀಯಲ್ಲ, ಒಂದೇ ಮನೇಲಿ ಇದ್ಕೊಂಡು ನನಗೊಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?"

"ನಿಮಗೆ ಏನಂತ ಹೇಳ್ಲಿ? ನೀವೇ ತಾನೇ ಕಳಿಸ್ತಿದ್ದುದು?" ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಮಧ್ಯಾಹ್ನ ನಿಮ್ಮ ಮೆಸೇಜು ಬರೋದು, ಅದರಲ್ಲಿರೋ ಹೆಸರು ಒಂದೊಂದೇ ಒತ್ತಿ, ತೆರೆದಿದ್ದರಲ್ಲಿ ಇವರು ಆಡೋಕೆ ಕೂರೋದು. ಕೇಳಿದ್ರೆ ಅಕ್ಕನ ಆಫೀಸ್ ಕೆಲಸ, ಆಡಿ ನೋಡಿ ಹೇಳ್ಬೇಕಂತೆ ಅಂತ ಅಂದ್ರು. ಮೊದಲು ನಂಬಿದೆ. ಮೆಷಿನ್ ಹೋದಾಗ ಇಬ್ಬರೂ ಸೇರ್ಕೊಂಡಿದ್ದೀರಿ ಅಂದ್ಕೊಂಡೆ. ನಿಮ್ಮ ಹತ್ರ ನಿಮ್ಮ ಮೇಲೇ ದೂರು ಹೇಳ್ಲಾ?"

ಬೀಗದಕ್ಕನ ಕೈಯಿಂದ ಊರುಗೋಲು ಜಾರಿ ಬಿತ್ತು. ತನ್ನ ಫೋನು ತೆಗೆದು ನೋಡಿದಳು. ತಿಂಗಳುಗಟ್ಟಲೆಯ ಮೆಸೇಜುಗಳು, ಉದ್ದಕ್ಕೆ ಬರೀ ಪೋಕರ್ ಸೈಟುಗಳ ಹೆಸರು, ಎಲ್ಲವೂ ಅವಳ ಹೆಸರಿನಿಂದ. ಯಾವ ಜಾಹೀರಾತಿನವನೂ ಇಷ್ಟು ನಿಯತ್ತಿನಿಂದ ಒಬ್ಬನಿಗೆ ಕಳಿಸಿರಲಾರ. ಅವಳಿಗೆ ತಮ್ಮನ ಮೇಲೆ, ವಕೀಲರ ಮೇಲೆ, ಸೊಟ್ಟ ಸ್ಕ್ಯಾನಿನವನ ಮೇಲೆ ಇದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೇ ಬಂತು.

"ನನಗೆ ಗೊತ್ತಿರ್ಲಿಲ್ಲ ಕಣೇ" ಎಂದಳು. ಆ ಮಾತು ಎಷ್ಟು ಬಡಕಲಾಗಿತ್ತು ಎಂದರೆ ಅವಳಿಗೇ ನಾಚಿಕೆಯಾಯಿತು.

"ಈಗ ಗೊತ್ತಾಯ್ತಲ್ಲ. ನಾನು ಒಂದೇ ಮಾತು ಹೇಳ್ತೀನಿ ಅಕ್ಕಾ. ಒಳಗಿರೋ ಆ ಮೆಷಿನ್ ಈ ಹೊಸ್ತಿಲು ದಾಟಿದ ದಿನ ನಾನೂ ಮಗಳನ್ನ ಕರ್ಕೊಂಡು ದಾಟ್ತೀನಿ. ಆಮೇಲೆ ನೀವಿಬ್ಬರೂ ಎಷ್ಟು ಬೇಕಾದ್ರೂ ಟೆಸ್ಟ್ ಮಾಡ್ಕೊಳ್ಳಿ."

ಅಂದೇ ಬೀಗದಕ್ಕ ಮನೆಯ ಲೈನು ಕಿತ್ತು ವೈಫೈ ಡಬ್ಬಿಯನ್ನು ಬೀರುವಿನಲ್ಲಿಟ್ಟಳು. ತಮ್ಮ ಅತ್ತ, ಇನ್ನು ಮುಟ್ಟಲ್ಲ ಎಂದ, ಎರಡು ದಿನ ಗೋಡೆ ನೋಡುತ್ತಾ ಕೂತ. ಮೂರನೇ ದಿನ ಬೀದಿ ತುದಿಯ ಕ್ಷೌರದಂಗಡಿಯವರೆಗೆ ನಡೆದ. ವೈದ್ಯರು ಹೇಳಿದಾಗ, ಅಕ್ಕ ಗೋಗರೆದಾಗ ಎದುರುಮನೆಯವರೆಗೂ ನಡೆಯದಿದ್ದವನು! ಅವನ ಫೋನಿನ ಡೇಟಾ ಮುಗಿದಿತ್ತು, ಅಲ್ಲಿ ಗಿರಾಕಿಗಳಿಗೆಂದು ಬಿಟ್ಟಿ ವೈಫೈ ಇತ್ತು. ಅದೂ ಇವಳ ಕಂಪನಿಯದೇ, ಅದೂ ಹಳೇ ಗೇಟಿನದೇ.

ಇತ್ತ ಆಫೀಸಿನಲ್ಲಿ ಅವಳು ನೋಟೀಸಿಗೆ ಉತ್ತರ ಬರೆದಳು. ಸಾಲು ಹಾರಿಸಿದ್ದು ನಾನು, ಪರೀಕ್ಷಿಸಲು ನನ್ನ ತಮ್ಮನಿಗೆ ಕೊಟ್ಟಿದ್ದೆ, ಅವನು ಆಡಲೆಂದು ಸುಳ್ಳು ಬರೆದ, ಅವನಿಗೆ ಆ ಹೆಸರುಗಳನ್ನು ತಲುಪಿಸಿದ್ದೂ ನಾನೇ ಎಂದು, ಏನನ್ನೂ ಮುಚ್ಚಿಡದೆ. ವಕೀಲರು ಅದನ್ನು ಓದಿ ಕೆಂಪು ಪೆನ್ನಿನಲ್ಲಿ ಪೂರಾ ಹೊಡೆದುಹಾಕಿ, ಮೇಲೆ ಎರಡೇ ಪದ ಬರೆದರು: ತಾಂತ್ರಿಕ ದೋಷ.

"ಇಷ್ಟು ಸಾಕು. ನಿಮ್ಮ ಮನೆ ಕಥೆ ಯಾರಿಗೆ ಬೇಕು ಮೇಡಂ?"

ಒಂದು ಮನೆ ಒಡೆಯುತ್ತಿದೆ, ಅದು ತಾಂತ್ರಿಕ ದೋಷ. ಅವಳ ಬಾಯಿಗೆ ಬಂದ ಮಾತು ಬರೆಯುವಂಥದಲ್ಲ. ಅದನ್ನು ನುಂಗಿಕೊಂಡು ಮೇಜಿಗೆ ಮರಳಿದಾಗ ಫೋನಿನಲ್ಲಿ ತಮ್ಮನ ಹೆಂಡತಿಯ ಮೆಸೇಜು ಬಂದಿತ್ತು. ಅವಳು ಇವಳಿಗೆ ಕಳಿಸಿದ ಮೊದಲ ಮೆಸೇಜು ಅದು.

"ಕ್ಷೌರದಂಗಡೀಲಿ ಕೂತಿದ್ದಾರೆ. ಹೊಸದು ಸಿಕ್ಕಿದೆ. ಹಿಂದೆ ನಿಂತು ಹೆಸರು ಓದ್ಕೊಂಡೆ." ಕೆಳಗೆ ಒಂದು ಹೆಸರು. ಅದರ ಕೆಳಗೆ ಇನ್ನೊಂದು ಸಾಲು: "ಮೆಷಿನ್ ನೋಡೋಕೆ ನಾಳೆ ಯಾರೋ ಬರ್ತಾರಂತೆ."

ಬೀಗದಕ್ಕ ಪಟ್ಟಿ ತೆಗೆದು ನೋಡಿದಳು. ಎಂಬತ್ಮೂರರಲ್ಲಿ ಆ ಹೆಸರಿಲ್ಲ. ಹಿಂದಿನ ಪಟ್ಟಿಗಳಲ್ಲೂ ಇಲ್ಲ. ಆಫೀಸಿನ ಲೈನಿನಲ್ಲಿ ತೆರೆದಳು. ಅದೇ ಹಸಿರು ಮೇಜು, ಅದೇ ಎಲೆಗಳು, ಖಾಲಿ ಕುರ್ಚಿಯೊಂದರ ಮೇಲೆ ಬನ್ನಿ ಎಂಬ ಬರಹ. ಇದು ಮುಚ್ಚಿದರೆ ನಾಳೆ ಇನ್ನೊಂದು ಬರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಯಾರಿದ್ದರು? ಬರಲಿ. ಅವಳು ಹಳೇ ಗೇಟು ತೆರೆದಳು, ಹೊಸ ಗೇಟನ್ನೂ ತೆರೆದಳು, ಈ ಸಲ ಒಂದೊಂದಕ್ಷರವನ್ನೂ ಎರಡೆರಡು ಸಲ ನೋಡಿ ಹೆಸರು ಹಾಕಿದಳು. ಆದೇಶದ ಸಂಖ್ಯೆ ಎಂಬ ಅಂಕಣ ಖಾಲಿ ಬಿಡುವಂತಿರಲಿಲ್ಲ. ಜೆರಾಕ್ಸಿನಲ್ಲಿ ಮಸುಕಾಗಿ ಕಂಡಿದ್ದ ತನ್ನ ತೋಳಿನ ಅಳತೆಯನ್ನು ಅಲ್ಲಿ ಹಾಕಿದಳು. ಆದೇಶ ಕೊಟ್ಟವರು ಎಂಬಲ್ಲಿ, ಹೊಲಿಗೆಯವಳು ಎಂದು ಬರೆದು ಒತ್ತಿದಳು. ಊರಿನ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿತ್ತು.

"ನೋಡಿ ಹೇಳು" ಎಂದು ತಮ್ಮನ ಹೆಂಡತಿಗೆ ಕಳಿಸಿದಳು.

ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. "ಬಂದ್. ಫೋನು ತೊಡೆಗೆ ಬಡ್ಕೊಳ್ತಾ ಇದ್ದಾರೆ."

ನಾಲ್ಕು ಗಂಟೆಗೆ ವಕೀಲರು ಓಡೋಡಿ ಬಂದರು. ಬಕೆಟ್ಟಿಗೆ ಕಾಲು ತಗುಲಿ ನೀರೆಲ್ಲ ಚೆಲ್ಲಿತು, ಅವರಿಗೆ ಅದರ ಪರಿವೆಯಿಲ್ಲ. "ಅವರ ಕಡೆ ವಕೀಲರು ಫೋನ್ ಮಾಡಿದ್ದಾರೆ ಮೇಡಂ! ಪಟ್ಟೀಲಿ ಇಲ್ಲದ ಸೈಟು ನಿಮ್ಮ ಲೈನಲ್ಲಿ ಹೇಗೆ ನಿಂತುಹೋಯ್ತು ಅಂತ ಕೇಳ್ತಿದ್ದಾರೆ. ಮುಚ್ಚಿದ್ದು ಯಾರು? ಯಾರ ಆದೇಶ ಇದು?"

"ಮುಚ್ಚಿದ್ದು ನಾನು. ಆದೇಶ ಯಾರದ್ದು ಅಂತ ಅಂಕಣದಲ್ಲಿ ಇದೆ, ಓದ್ಕೊಳ್ಳಿ."

ಅವರು ಬಗ್ಗಿ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. "ತಲೆ ಕೆಟ್ಟಿದ್ಯಾ ನಿಮಗೆ? ಕೆಲಸ ಹೋಗುತ್ತೆ, ಗೊತ್ತಾ? ತೆಗೀರಿ ಮೊದಲು. ಈಗಲೇ ತೆಗೀರಿ!"

ಕೆಲಸ ಹೋಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಬೀಗ ತೆಗೆಯುವ ಪಾಸ್‌ವರ್ಡು ಇಡೀ ಆಫೀಸಿನಲ್ಲಿ ಅವಳೊಬ್ಬಳ ಹತ್ತಿರವೇ ಇತ್ತು. ಅವಳು ಕುರ್ಚಿ ತಿರುಗಿಸಿ ಅವರ ಮುಖಕ್ಕೆ ಮುಖ ಕೊಟ್ಟು ಕೂತಳು.

"ತೆಗೆಯೋಕೆ ಆದೇಶ ತಂದಿದ್ದೀರಾ ಸಾರ್?"

"ಏನಂದ್ರಿ?"

"ಬರವಣಿಗೇಲಿ ಬೇಕು. ಸಹಿ ಹಾಕಿ, ಮುದ್ರೆ ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿ. ಆದೇಶ ಇಲ್ಲದೆ ಒಂದಕ್ಷರ ಮುಟ್ಟಬಾರದು ಅಂತ ನೀವೇ ಹೇಳಿದ್ದಲ್ವಾ?" ಅವಳು ಬೆರಳೆತ್ತಿ ಅವರ ಮೂಗಿನ ಮುಂದೆ ಹಿಡಿದಳು. "ಒಂದು ತಿಂಗಳಾಗುತ್ತೆ. ಅಲ್ಲೀವರೆಗೂ ಕೈ ಕಟ್ಟಿ ಕೂತ್ಕೊಳ್ಳಿ."

ವಕೀಲರು ಒದ್ದೆ ಬೂಟಿನಲ್ಲಿ ಮ್ಯಾನೇಜರ್ ಕೋಣೆಯತ್ತ ಧಾವಿಸಿದರು. ಮೇಜಿನ ಮೇಲೆ ಫೋನು ಮತ್ತೆ ಮಿನುಗಿತು.

"ಅಂಗಡಿಯಿಂದ ಮನೆಗೆ ಬಂದ್ರು ಅಕ್ಕಾ. ಯಾರ ಹತ್ರಾನೋ ಬೇರೆ ಹೆಸರು ಕೇಳ್ತಿದ್ದಾರೆ."

ಮ್ಯಾನೇಜರ್ ಕೋಣೆಯ ಬಾಗಿಲು ತೆರೆದ ಸದ್ದಾಯಿತು, ಯಾರೋ ಅವಳನ್ನು ಕೂಗಿದರು. ಅವಳು ಏಳಲಿಲ್ಲ. ಮೊದಲು ತಮ್ಮನ ಹೆಂಡತಿಗೆ ಉತ್ತರ ಬರೆದಳು.

"ಸಿಕ್ಕಿದ ಕೂಡಲೇ ನನಗೆ ಕಳಿಸು."